ಹಳದಿ ದೀಪ ಹೊತ್ತಿದಾಗ: ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ

ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್ ನಡುಗುತ್ತದೆ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತದೆ, ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿದೆ. ಈ ಎರಡು ದೂರುಗಳು ಬಹಳ ಸಲ ಜೋಡಿಯಾಗಿಯೇ ಬರುತ್ತವೆ. ಇಲ್ಲಿ ಜನರ ದುಡ್ಡು ಹೋಗುವುದು ರಿಪೇರಿಗಿಂತ ಹೆಚ್ಚಾಗಿ ಊಹೆಗೆ. ಮೊದಲು ಪ್ಲಗ್, ಆಮೇಲೆ ಸೆನ್ಸರ್, ಆಮೇಲೆ ಇಂಜೆಕ್ಟರ್ ಕ್ಲೀನಿಂಗ್, ಕೊನೆಗೆ ನೋಡಿದರೆ ಒಂದು ರಬ್ಬರ್ ಹೋಸ್ ಬಿರುಕು ಬಿಟ್ಟಿರುತ್ತದೆ. ಕ್ರಮ ತಪ್ಪದೆ ಹುಡುಕಿದರೆ ಇಂಥ ಸಮಸ್ಯೆಗಳಲ್ಲಿ ಬಹುಪಾಲು ಸಣ್ಣ ಖರ್ಚಿನಲ್ಲಿ ಮುಗಿಯುತ್ತವೆ. ಕೆಳಗಿನ ಸೂತ್ರಗಳು ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ ಪೆಟ್ರೋಲ್ ಕಾರುಗಳಿಗಾಗಿ. ಡೀಸೆಲ್, ಸಿಎನ್‌ಜಿ ಕಾರುಗಳಿಗೆ ಬೇರೆಯಾಗಿ ಹೇಳಬೇಕಾದದ್ದು ಕೊನೆಯ ಹೊತ್ತಿಗೆ ಬರುತ್ತದೆ.

1. ದೀಪದ ಬಣ್ಣ ನೋಡಿ, ಮಿನುಗುತ್ತಿದೆಯೇ ನೋಡಿ

ಆಯಿಲ್ ಅಥವಾ ಟೆಂಪರೇಚರ್‌ನ ಕೆಂಪು ದೀಪ ಬಂದರೆ ಪಕ್ಕಕ್ಕೆ ಹಾಕಿ ಇಂಜಿನ್ ನಿಲ್ಲಿಸಿ, ಅಲ್ಲಿ ಚರ್ಚೆಯೇ ಇಲ್ಲ. ಇಂಜಿನ್ ಚಿತ್ರದ ಹಳದಿ ದೀಪ ಒಂದೇ ಸಮನೆ ಉರಿಯುತ್ತಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಮನೆ ಸೇರಬಹುದು. ಅದೇ ದೀಪ ಮಿಣಮಿಣ ಮಿನುಗುತ್ತಿದ್ದರೆ ಕಥೆ ಬೇರೆ. ಒಂದು ಅಥವಾ ಹೆಚ್ಚು ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ ಎಂದರ್ಥ. ಇದೇ ಮಿಸ್‌ಫೈರ್. ಆ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಹೊತ್ತಿಕೊಂಡು, ಅದರ ಸಣ್ಣ ಸಣ್ಣ ಕಣ್ಣುಗಳ ಸೆರಾಮಿಕ್ ತಿರುಳನ್ನೇ ಕರಗಿಸಬಲ್ಲದು. ಆ ತಿರುಳಿಗೆ ಬಳಿದಿರುವುದು ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹ. ಒಂದು ಸೆಟ್ ಪ್ಲಗ್‌ನಲ್ಲಿ ಮುಗಿಯಬೇಕಾದ ಕೆಲಸ ಹೀಗೆ ಹಲವು ಪಟ್ಟು ಬೆಳೆಯುತ್ತದೆ. ಮಿನುಗಿದ ಕೂಡಲೇ ಆಕ್ಸಿಲರೇಟರ್ ಬಿಡಿ, ಜಾಗ ನೋಡಿ ನಿಲ್ಲಿಸಿ, ಟೋ ಮಾಡಿಸಿ.

ಇನ್ನೊಂದು ಮಾತು, ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ. ಕೀ ಆನ್ ಮಾಡಿದಾಗ ಈ ದೀಪ ಹೊತ್ತಲೇಬೇಕು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲ ಎಂದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು. ಕಾರಣ ತಿಳಿಯುವವರೆಗೆ ಅಡ್ವಾನ್ಸ್ ಕೊಡಬೇಡಿ.

2. ಬ್ಯಾಟರಿ ಟರ್ಮಿನಲ್ ಬಿಚ್ಚಿ ದೀಪ ಆರಿಸಬೇಡಿ

ದೀಪ ಆರುತ್ತದೆ, ತೊಂದರೆ ಉಳಿಯುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ತಪ್ಪು ಕಂಡ ಕ್ಷಣದಲ್ಲಿ ಇಂಜಿನ್ ಎಷ್ಟು ಬಿಸಿ ಇತ್ತು, ಆರ್‌ಪಿಎಂ ಎಷ್ಟು, ವೇಗ ಎಷ್ಟು ಎಂಬುದನ್ನೆಲ್ಲ ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಒಂದು ಚಿತ್ರದಂತೆ ಹಿಡಿದಿಟ್ಟಿರುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ರೋಗ ಪತ್ತೆಹಚ್ಚಲು ಇದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ. ಅನೇಕ ದೋಷಗಳಿಗೆ ದೀಪ ಹೊತ್ತುವುದು ಸತತ ಎರಡು ಓಟಗಳಲ್ಲಿ ಅದೇ ತಪ್ಪು ಕಂಡರೆ ಮಾತ್ರ. ಹಾಗಾಗಿ ಅಳಿಸಿಬಿಟ್ಟರೆ ಮತ್ತೆ ಅದು ಕಾಣಿಸಿಕೊಳ್ಳುವವರೆಗೆ ಕಾಯಬೇಕಾಗುತ್ತದೆ.

3. ಸ್ವಂತಕ್ಕೆ ಒಂದು ಸ್ಕ್ಯಾನರ್ ಇಟ್ಟುಕೊಳ್ಳಿ

ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ನಮ್ಮಲ್ಲಿ ಬಿಎಸ್4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಬಂತು. ದೇಶವಿಡೀ ಬಿಎಸ್4 ಆದದ್ದು 2017ರಲ್ಲಿ, ಬಿಎಸ್6 ಆದದ್ದು 2020ರಲ್ಲಿ. ಅಂದರೆ ಇವತ್ತು ರಸ್ತೆಯಲ್ಲಿರುವ ಹೆಚ್ಚಿನ ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಎಲ್ಲೋ 16 ಪಿನ್ನಿನ ಒಂದು ಸಾಕೆಟ್ ಇದ್ದೇ ಇರುತ್ತದೆ. ಅದಕ್ಕೆ ಚುಚ್ಚುವ ಇಎಲ್‌ಎಂ327 ಮಾದರಿಯ ಬ್ಲೂಟೂತ್ ಡಾಂಗಲ್ ಮತ್ತು ಮೊಬೈಲಿನಲ್ಲಿ ಒಂದು ಆ್ಯಪ್ ಸಾಕು. ತೀರಾ ಅಗ್ಗದ ನಕಲುಗಳು ಎಲ್ಲ ಕಾರುಗಳ ಜೊತೆ ಮಾತನಾಡುವುದಿಲ್ಲ, ಕೊಳ್ಳುವಾಗ ವಾಪಸ್ ಕೊಡುವ ಅವಕಾಶ ಇರಲಿ. ಐಫೋನ್ ಇರುವವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಕಿತ್ತಿಡಿ. ಸಾಕೆಟ್‌ನಲ್ಲೇ ಬಿಟ್ಟರೆ ದಿನಗಟ್ಟಲೆ ನಿಂತ ಕಾರಿನ ಬ್ಯಾಟರಿಯನ್ನು ಅದು ಹೀರುತ್ತದೆ.

ಓದಬೇಕಾದದ್ದು ಮೂರು: ಸ್ಟೋರ್ಡ್ ಕೋಡ್ (ಖಚಿತವಾದ ತಪ್ಪು), ಪೆಂಡಿಂಗ್ ಕೋಡ್ (ಒಮ್ಮೆ ಕಂಡು ಇನ್ನೂ ಖಚಿತವಾಗದ ತಪ್ಪು), ಫ್ರೀಜ್ ಫ್ರೇಮ್. ಮೂರನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲಷ್ಟೇ ಮುಂದಿನ ಹೆಜ್ಜೆ.

4. ಕೋಡ್ ಎಂದರೆ ಕೆಟ್ಟ ಪಾರ್ಟಿನ ಹೆಸರಲ್ಲ

ಈ ಒಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ದುಡ್ಡು ಉಳಿದಂತೆ. ಪಿ0171 ಬಂತು ಎನ್ನಿ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂದು ಅದರ ಅರ್ಥ. ಅದನ್ನು ಹೇಳಿದ್ದು ಆಕ್ಸಿಜನ್ ಸೆನ್ಸರ್. "ಸೆನ್ಸರ್ ಹೋಗಿದೆ ಸರ್" ಎಂದು ಅದನ್ನೇ ಬದಲಿಸುವವರಿದ್ದಾರೆ. ನಿಜ ಹೇಳಿದವನನ್ನೇ ಕೆಲಸದಿಂದ ತೆಗೆದುಹಾಕಿದ ಹಾಗಾಯಿತು ಅದು. ಹೊಸ ಸೆನ್ಸರ್ ಕೂಡ ಅದನ್ನೇ ಹೇಳುತ್ತದೆ, ದೀಪ ಮತ್ತೆ ಹೊತ್ತುತ್ತದೆ.

ಪಿ0300 ಎಂದರೆ ಯಾವ ಸಿಲಿಂಡರ್ ಎಂದು ಖಚಿತವಿಲ್ಲದ ಮಿಸ್‌ಫೈರ್. ಪಿ0301ರಿಂದ ಪಿ0304 ಎಂದರೆ ಕೊನೆಯ ಅಂಕಿಯ ಸಿಲಿಂಡರ್‌ನಲ್ಲಿ ಮಿಸ್. ಎಣಿಕೆ ಸಾಮಾನ್ಯವಾಗಿ ಬೆಲ್ಟ್ ಇರುವ ಕಡೆಯಿಂದ ಶುರು. ಪಿ0172 ಎಂದರೆ ಪೆಟ್ರೋಲ್ ಹೆಚ್ಚಾಗಿದೆ. ಪಿ0506, ಪಿ0507 ಎಂದರೆ ಐಡಲ್ (ನಿಂತಾಗಿನ ಆರ್‌ಪಿಎಂ) ಇರಬೇಕಾದದ್ದಕ್ಕಿಂತ ಕಡಿಮೆ ಅಥವಾ ಹೆಚ್ಚು. ಪಿ0420 ಬಂದ ಕೂಡಲೇ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಲು ಒಪ್ಪಬೇಡಿ. ಅದರ ಜೊತೆ ಮಿಸ್‌ಫೈರ್ ಕೋಡ್ ಇದ್ದರೆ ಮೊದಲು ಮಿಸ್‌ಫೈರ್ ಸರಿಯಾಗಲಿ. ಸೈಲೆನ್ಸರ್ ಜಾಯಿಂಟ್‌ನಲ್ಲಿ ಗಾಳಿ ಸೋರಿದರೂ ಈ ಕೋಡ್ ಬರಬಹುದು.

5. ಯಾವಾಗ ನಡುಗುತ್ತದೆ, ಬರೆದಿಟ್ಟುಕೊಳ್ಳಿ

ಬೆಳಿಗ್ಗೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎಸಿ ಹಾಕಿದಾಗ ಮಾತ್ರವೋ? ನಿಂತಾಗ ಮಾತ್ರವೋ, ಘಾಟಿ ಹತ್ತುವಾಗಲೂ ಎಳೆಯುವುದಿಲ್ಲವೋ? ಪೆಟ್ರೋಲ್ ಹಾಕಿಸಿದ ಮೇಲೋ, ಮಳೆ ಬಂದ ಮೇಲೋ, ಸರ್ವಿಸ್‌ನಿಂದ ಬಂದ ಮೇಲೋ? ಕೊನೆಯ ಪ್ರಶ್ನೆಗೆ ಹೌದು ಎನ್ನುವುದಾದರೆ ಅಲ್ಲಿ ಕೈ ಹಾಕಿದ ಜಾಗವನ್ನೇ ಮೊದಲು ನೋಡಿ. ಸಡಿಲ ಉಳಿದ ಕಪ್ಲರ್, ಸರಿಯಾಗಿ ಕೂರದ ಏರ್ ಫಿಲ್ಟರ್ ಮುಚ್ಚಳ, ಸಿಕ್ಕಿಸಲು ಮರೆತ ಹೋಸ್ ಸಿಗುವುದು ಅಪರೂಪವಲ್ಲ.

ಮುಳ್ಳನ್ನೂ ಗಮನಿಸಿ. ಬಿಸಿಯಾದ ಪೆಟ್ರೋಲ್ ಇಂಜಿನ್ ಸಾಮಾನ್ಯವಾಗಿ 650ರಿಂದ 850 ಆರ್‌ಪಿಎಂನಲ್ಲಿ ನಿಲ್ಲುತ್ತದೆ. ಮುಳ್ಳು ಅಲುಗದೆ ಬಾಡಿ ಮಾತ್ರ ನಡುಗುತ್ತಿದ್ದು ಕೋಡ್ ಕೂಡ ಇಲ್ಲದಿದ್ದರೆ ಇಂಜಿನ್ ಮೌಂಟಿಂಗ್‌ನ ರಬ್ಬರ್ ನೋಡಿಸಿ. ಮೂರು ಸಿಲಿಂಡರ್ ಕಾರುಗಳಿಗೆ ಹುಟ್ಟಿನಿಂದಲೇ ಸ್ವಲ್ಪ ನಡುಕ ಇರುತ್ತದೆ. ಆಲ್ಟೊ ಕೆ10, ಕ್ವಿಡ್, ಟಿಯಾಗೊ ಇವೆಲ್ಲ ಮೂರು ಸಿಲಿಂಡರ್‌ನವು. 2024ರ ಹೊಸ ಸ್ವಿಫ್ಟ್ ಕೂಡ ನಾಲ್ಕರಿಂದ ಮೂರಕ್ಕೆ ಇಳಿದಿದೆ. ಅದೇ ಮಾಡೆಲ್‌ನ ಇನ್ನೊಂದು ಕಾರಿನಲ್ಲಿ ಕೂತು ಹೋಲಿಸಿ ನೋಡದೆ ರಿಪೇರಿಗೆ ಇಳಿಯಬೇಡಿ.

6. ವೋಲ್ಟೇಜ್ ಅಳೆಯಿರಿ

ರಾತ್ರಿ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರಬೇಕು. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ವೋಲ್ಟೇಜ್ ಕುಸಿದರೆ ಸಂಬಂಧವೇ ಇಲ್ಲದ ಹತ್ತಾರು ಕೋಡ್‌ಗಳು ಒಟ್ಟಿಗೆ ಬರುತ್ತವೆ. ಕರಾವಳಿಯ ಉಪ್ಪುಗಾಳಿಯಲ್ಲಿ ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದ ಕಡೆಯವರು ಅದನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿಯೇ ಮುಂದೆ ಹೋಗಿ.

7. ಬಾನೆಟ್ ಎತ್ತಿ, ಸುಮ್ಮನೆ ನೋಡಿ, ಕೇಳಿ

ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳು ವೈರ್ ಕಡಿಯುತ್ತವೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟುತ್ತವೆ. ಇಂಜೆಕ್ಟರ್ ಮತ್ತು ಕಾಯಿಲ್‌ಗೆ ಹೋಗುವ ವೈರಿಂಗನ್ನು ಟಾರ್ಚ್ ಹಾಕಿ ಉದ್ದಕ್ಕೂ ನೋಡಿ. ಇಂಜಿನ್‌ಗೆ ನೀರು ಹೊಡೆದು ತೊಳೆಸಿದ ಮರುದಿನ ಮಿಸ್ ಶುರುವಾಗಿದ್ದರೆ ಪ್ಲಗ್ ಗುಂಡಿಯಲ್ಲಿ ನೀರು ನಿಂತಿರಬಹುದು. ಇಂಜಿನ್ ಓಡುವಾಗ 'ಸುಸ್' ಎಂಬ ಸದ್ದು ಬಂದರೆ ಎಲ್ಲೋ ಗಾಳಿ ಒಳಗೆಳೆಯುತ್ತಿದೆ. ಬೆಲ್ಟ್, ಫ್ಯಾನ್ ಹತ್ತಿರ ದುಪಟ್ಟಾ, ಸಡಿಲ ತೋಳು, ಸರ ಯಾವುದೂ ಹೋಗದಿರಲಿ.

8. ಮಿಸ್‌ಫೈರ್‌ಗೆ ಅದಲುಬದಲು ಪರೀಕ್ಷೆ

ಕೋಡ್ ಪಿ0302 ಎಂದಿಟ್ಟುಕೊಳ್ಳಿ. ಕೀ ಆಫ್ ಮಾಡಿ, ಇಂಜಿನ್ ತಣ್ಣಗಾಗಲಿ. ಎರಡನೇ ಸಿಲಿಂಡರ್‌ನ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ, ಓಡಿಸಿ. ಈ ಸಲ ಪಿ0303 ಬಂದರೆ ಕಾಯಿಲ್ ಕೆಟ್ಟಿದೆ, ವಾದವೇ ಬೇಡ. ಪಿ0302 ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಅದೂ ಅಲ್ಲದಿದ್ದರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಟೆಸ್ಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದು ಸರಿಮಾಡಿತೆಂದು ಎಂದೂ ತಿಳಿಯುವುದಿಲ್ಲ.

ಪ್ಲಗ್ ತೆಗೆದಾಗ ಅದರ ಮೂತಿ ನೋಡಿ. ತಿಳಿಕಂದು ಬಣ್ಣ ಆರೋಗ್ಯದ ಗುರುತು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗುತ್ತಿದೆ, ಜಿಡ್ಡಿನ ಕಪ್ಪಾದರೆ ಆಯಿಲ್ ಒಳಗೆ ಬರುತ್ತಿದೆ, ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಬಿಸಿ ಮಿತಿಮೀರಿದೆ. ವಾಪಸ್ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಹೆಡ್ ಅಲ್ಯೂಮಿನಿಯಂ, ಥ್ರೆಡ್ ಹೋದರೆ ದೊಡ್ಡ ಕೆಲಸ. ಬಿಗಿ ಮಾಡಲು ಟಾರ್ಕ್ ರೆಂಚ್, ಅಳತೆ ಆಯಾ ಕಾರಿನ ಪುಸ್ತಕದಂತೆ.

ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಎಳೆದು ನೋಡುವ ಹಳೆಯ ರೂಢಿ ಕಾರ್ಬುರೇಟರ್ ಕಾಲದ್ದು. ಈಗಿನ ಕಾಯಿಲ್‌ನ ಶಾಕ್ ಅಪಾಯಕಾರಿ. ಉರಿಯದ ಪೆಟ್ರೋಲ್ ನೇರ ಕನ್ವರ್ಟರ್‌ಗೂ ಹೋಗುತ್ತದೆ. ಮಾಡಬೇಡಿ, ಮಾಡಲೂ ಬಿಡಬೇಡಿ.

9. ಫ್ಯುಯೆಲ್ ಟ್ರಿಮ್ ಓದಲು ಕಲಿಯಿರಿ

ಸ್ಕ್ಯಾನರ್ ಕೊಂಡವರಲ್ಲಿ ಹೆಚ್ಚಿನವರು ಕೋಡ್ ನೋಡಿ ನಿಲ್ಲಿಸಿಬಿಡುತ್ತಾರೆ. ನಿಜವಾದ ಕಸುಬು ಇರುವುದು ಲೈವ್ ಡೇಟಾದಲ್ಲಿ. ಅದರಲ್ಲೂ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎಂಬ ಎರಡು ಫ್ಯುಯೆಲ್ ಟ್ರಿಮ್‌ಗಳಲ್ಲಿ. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿಕೊಂಡು ಇಸಿಯು ತನ್ನ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಕೊಡುತ್ತಿದೆ ಎಂಬ ಶೇಕಡಾ ಲೆಕ್ಕವೇ ಅದು. ಎರಡನ್ನೂ ಕೂಡಿ ನೋಡಿ. ಪ್ಲಸ್ ಅಥವಾ ಮೈನಸ್ ಶೇ. 10ರೊಳಗೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಂದು ಸಲ, 2500 ಆರ್‌ಪಿಎಂಗೆ ರೇಸ್ ಮಾಡಿ ಹಿಡಿದು ಇನ್ನೊಂದು ಸಲ ಬರೆದುಕೊಳ್ಳಿ. ಐಡಲ್‌ನಲ್ಲಿ ಪ್ಲಸ್ 20, ರೇಸ್ ಮಾಡಿದಾಗ ಪ್ಲಸ್ 4 ಎಂದು ಬಂದರೆ ಎಲ್ಲೋ ಗಾಳಿ ಕದ್ದು ಒಳಗೆ ಹೋಗುತ್ತಿದೆ, ಅಂದರೆ ವ್ಯಾಕ್ಯೂಮ್ ಲೀಕ್. ಐಡಲ್‌ನಲ್ಲಿ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಆಗ ಸಣ್ಣ ತೂತೂ ದೊಡ್ಡದಾಗುತ್ತದೆ. ರೇಸ್ ಮಾಡಿದಾಗ ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ತಿರುಗುಮುರುಗಾಗಿ, ಐಡಲ್‌ನಲ್ಲಿ ಸರಿಯಿದ್ದು ಲೋಡ್ ಬಿದ್ದಾಗ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲೇ ಸಾಲುತ್ತಿಲ್ಲ. ಪಂಪ್, ಫಿಲ್ಟರ್, ಪ್ರೆಷರ್ ಕಡೆ ನೋಡಿ. ಎರಡೂ ಕಡೆ ಮೈನಸ್ ಇದ್ದರೆ ಪೆಟ್ರೋಲ್ ಹೆಚ್ಚು. ಸೋರುವ ಇಂಜೆಕ್ಟರ್ ಅಥವಾ ಮುಚ್ಚದೆ ನಿಂತ ಪರ್ಜ್ ವಾಲ್ವ್ ಇರಬಹುದು.

ನಮ್ಮ ಸಣ್ಣ ಕಾರುಗಳಲ್ಲಿ ಅನೇಕಕ್ಕೆ ಗಾಳಿಯನ್ನೇ ಅಳೆಯುವ ಎಂಎಎಫ್ ಬದಲು ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಅಂಥ ಕಾರಿನಲ್ಲಿ ಗಾಳಿ ಸೋರಿದರೆ ಇಸಿಯು ಅದನ್ನೂ ಎಣಿಸಿ ಪೆಟ್ರೋಲ್ ಕೊಟ್ಟುಬಿಡುತ್ತದೆ. ಆಗ ಟ್ರಿಮ್‌ಗಿಂತ ಐಡಲ್ ಏರುವುದೇ ಎದ್ದು ಕಾಣುತ್ತದೆ. ವಿದೇಶಿ ವಿಡಿಯೋ ನೋಡಿ ಕಲಿತವರು ಇಲ್ಲಿ ದಾರಿ ತಪ್ಪುತ್ತಾರೆ.

ಲೀಕ್ ಹುಡುಕಲು ಪಿಸಿವಿ ಹೋಸ್, ಬ್ರೇಕ್ ಬೂಸ್ಟರ್ ಹೋಸ್, ಇನ್‌ಟೇಕ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್, ಥ್ರಾಟಲ್ ಬಾಡಿಯ ರಬ್ಬರ್ ರಿಂಗ್ ನೋಡಿ. ಮೆತ್ತಗಿನ ಹೋಸನ್ನು ಒಂದೊಂದಾಗಿ ಅದುಮಿ ಹಿಡಿದು ಐಡಲ್ ಸುಧಾರಿಸುತ್ತದೆಯೇ ಗಮನಿಸಿ. ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಪರೀಕ್ಷಿಸುವವರಿದ್ದಾರೆ. ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಸ್ಮೋಕ್ ಮಷೀನ್ ಇರುವ ಗ್ಯಾರೇಜ್ ಹುಡುಕಿ. ಹೊಗೆ ಹೊರಬಂದ ಜಾಗವೇ ತೂತು.

ಲೈವ್ ಡೇಟಾ ತೆರೆದಿರುವಾಗಲೇ ಇನ್ನೊಂದು ಪರೀಕ್ಷೆ ಮಾಡಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸ್ಟಾರ್ಟ್ ಮಾಡುವ ಮುನ್ನ ಕೂಲಂಟ್ ಮತ್ತು ಒಳಗೆಳೆವ ಗಾಳಿಯ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮೈನಸ್ 40 ತೋರಿಸಿದರೆ ಅದರ ವೈರ್ ತುಂಡಾಗಿದೆ ಅಥವಾ ಕಪ್ಲರ್ ಬಿಚ್ಚಿದೆ. ಇಂಜಿನ್ ಸದಾ ತಣ್ಣಗಿದೆ ಎಂದು ನಂಬಿದ ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

10. ಥ್ರಾಟಲ್ ಬಾಡಿ ಸ್ವಚ್ಛ ಮಾಡಿ, ಬಲ ಹಾಕಬೇಡಿ

ಐಡಲ್‌ನಲ್ಲಿ ಗಾಳಿ ಹೋಗುವ ಕಿರಿದಾದ ಸಂದಿಯಲ್ಲೇ ಕಾರ್ಬನ್ ಕಟ್ಟುತ್ತದೆ. ಕೀ ಆಫ್ ಮಾಡಿ, ಥ್ರಾಟಲ್ ಕ್ಲೀನರ್ ಬಟ್ಟೆಗೆ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್‌ನ ರೆಕ್ಕೆಯನ್ನು ಬೆರಳಿಂದ ನೂಕಬೇಡಿ, ಒಳಗಿನ ಹಲ್ಲುಗಳು ಮುರಿಯಬಹುದು. ಆಮೇಲೆ ಐಡಲ್ ಕೆಲವು ಕಾಲ ಹೆಚ್ಚಿದ್ದರೆ ಗಾಬರಿ ಬೇಡ. ಸ್ಕ್ಯಾನರ್‌ನಲ್ಲಿ ಐಡಲ್ ಲರ್ನಿಂಗ್ ಮಾಡಿಸಿದರೆ ಸರಿಹೋಗುತ್ತದೆ.

11. ಪೆಟ್ರೋಲನ್ನೂ ಅನುಮಾನಿಸಿ

ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥನಾಲ್‌ನೊಳಗೇ ಆಮ್ಲಜನಕ ಇದೆ. ಶುದ್ಧ ಪೆಟ್ರೋಲ್‌ನ ಒಂದು ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಹಾಗಾಗಿ ಇ20ಗೆ ಹೊಂದಿಸದ ಹಳೆಯ ಕಾರುಗಳಲ್ಲಿ ಟ್ರಿಮ್ ಸ್ವಲ್ಪ ಪ್ಲಸ್ ಕಡೆ ವಾಲುತ್ತದೆ. ಅದನ್ನೇ ಲೀಕ್ ಎಂದುಕೊಂಡು ಇಂಜಿನ್ ಬಿಚ್ಚಿಸಬೇಡಿ.

ನೀರಿನ ವಿಷಯ ಹೆಚ್ಚು ಗಂಭೀರ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ, ಪಂಪಿನ ಬಾಯಿಗೇ ನಿಲ್ಲುತ್ತವೆ. ಬಂಕ್‌ನಿಂದ ಹೊರಟ ಸ್ವಲ್ಪ ಹೊತ್ತಿಗೇ ಮಿಸ್ ಹೊಡೆಯತೊಡಗಿದರೆ ಬಿಲ್ ಜೋಪಾನ ಮಾಡಿ, ಟ್ಯಾಂಕಿನ ಸ್ಯಾಂಪಲ್ ತೆಗೆಸಿ. ಬಂಕ್‌ನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ, ಡೆನ್ಸಿಟಿ ಪರೀಕ್ಷೆ ಕೇಳುವುದು ಗ್ರಾಹಕನ ಹಕ್ಕು. ಸಂಕೋಚ ಬೇಡ, ಕೇಳಿ.

ಟ್ಯಾಂಕ್ ಮುಚ್ಚಳ ಬಿಗಿ ಮಾಡಿದರೆ ದೀಪ ಆರುತ್ತದೆ ಎಂಬ ಸಲಹೆ ಅಮೆರಿಕದ ಕಾರುಗಳದ್ದು. ಅಲ್ಲಿ ಟ್ಯಾಂಕಿನ ಆವಿ ಸೋರಿಕೆಯನ್ನು ಕಾರೇ ಪರೀಕ್ಷಿಸುತ್ತದೆ. ಯುರೋಪಿನ ಮಾದರಿ ಅನುಸರಿಸುವ ನಮ್ಮ ಹೆಚ್ಚಿನ ಕಾರುಗಳಲ್ಲಿ ಆ ಪರೀಕ್ಷೆ ಇಲ್ಲ.

12. ಎಮಿಷನ್ ಟೆಸ್ಟ್ ಚೀಟಿ ಎಸೆಯಬೇಡಿ

ಪೊಲೀಸರಿಗೆ ತೋರಿಸಲು ಮಾತ್ರ ಎಂದು ಡ್ಯಾಶ್‌ಬೋರ್ಡ್‌ಗೆ ತುರುಕುವ ಆ ಚೀಟಿಯಲ್ಲಿ ನಿಮ್ಮ ಇಂಜಿನ್‌ನ ಐಡಲ್ ಸ್ಥಿತಿಯ ಲೆಕ್ಕವೇ ಇದೆ. ಬಿಎಸ್4 ಮತ್ತು ಆನಂತರದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಹೈಡ್ರೋಕಾರ್ಬನ್ ಏರಿ ಮೊನಾಕ್ಸೈಡ್ ಕಡಿಮೆಯೇ ಇದ್ದರೆ ಎಲ್ಲೋ ಮಿಸ್‌ಫೈರ್. ಮೊನಾಕ್ಸೈಡ್ ಏರಿದ್ದರೆ ಪೆಟ್ರೋಲ್ ಹೆಚ್ಚು. ಹಿಂದಿನ ಸಲದ ಚೀಟಿಯ ಜೊತೆ ಹೋಲಿಸಿದರೆ ಕಾರು ಯಾವ ಕಡೆ ಜಾರುತ್ತಿದೆ ಎಂದು ತಿಳಿಯುತ್ತದೆ.

13. ಸಿಎನ್‌ಜಿ, ಡೀಸೆಲ್

ಸಿಎನ್‌ಜಿ ಕಾರನ್ನು ಪೆಟ್ರೋಲ್‌ಗೆ ಬದಲಿಸಿ ಓಡಿಸಿ ನೋಡಿ. ನಡುಕ ಹೋದರೆ ತೊಂದರೆ ಗ್ಯಾಸ್ ಕಡೆಯದು. ಎರಡರಲ್ಲೂ ಇದ್ದರೆ ಪ್ಲಗ್, ಕಾಯಿಲ್‌ನಿಂದ ಶುರು ಮಾಡಿ.

ಡೀಸೆಲ್‌ನಲ್ಲಿ ಇಜಿಆರ್ ವಾಲ್ವ್‌ನ ಮಸಿ, ಇಂಜೆಕ್ಟರ್‌ಗಳ ಲೀಕ್-ಆಫ್ ಪರೀಕ್ಷೆ, ಇವೆರಡು ಮೊದಲು. ಕಾಮನ್ ರೈಲ್ ಪೈಪನ್ನು ಇಂಜಿನ್ ಓಡುವಾಗ ಎಂದೂ ಸಡಿಲಿಸಬೇಡಿ. ಅಲ್ಲಿನ ಒತ್ತಡ 1000 ಬಾರ್ ದಾಟಬಹುದು, ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

14. ಗ್ಯಾರೇಜಿನಲ್ಲಿ ಕೇಳಿ, ಗೌರವದಿಂದಲೇ ಕೇಳಿ

"ಅಣ್ಣ, ಯಾವ ಕೋಡ್ ಬಂತು? ಈ ಪಾರ್ಟೇ ಹೋಗಿದೆ ಅಂತ ಯಾವ ಟೆಸ್ಟ್‌ನಲ್ಲಿ ಗೊತ್ತಾಯ್ತು?" ಇಷ್ಟು ಕೇಳಿದರೆ ಸಾಕು. ಕೆಲಸ ಬಲ್ಲ ಮೆಕ್ಯಾನಿಕ್ ಖುಷಿಯಿಂದ ತೋರಿಸುತ್ತಾನೆ. ನಿಮ್ಮ ಸ್ಕ್ರೀನ್‌ಶಾಟ್, ಟ್ರಿಮ್ ಲೆಕ್ಕ, ಯಾವಾಗ ನಡುಗುತ್ತದೆ ಎಂಬ ಚೀಟಿ ಅವನ ಕೈಗೆ ಕೊಡಿ, ಅವನ ಅರ್ಧ ದಿನ ಉಳಿಯುತ್ತದೆ. ಪತ್ತೆಹಚ್ಚುವ ಕೆಲಸಕ್ಕೂ ಕೂಲಿ ಕೊಡಲು ಹಿಂಜರಿಯಬೇಡಿ. ಅದಕ್ಕೆ ಬೆಲೆ ಸಿಗದ ಕಡೆ ಪಾರ್ಟ್ ಬದಲಿಸುವುದೇ ಸಂಪಾದನೆಯ ದಾರಿಯಾಗುತ್ತದೆ. ತೆಗೆದ ಹಳೆಯ ಪಾರ್ಟನ್ನು ಕೇಳಿ ಪಡೆಯಿರಿ. ಪ್ಲಗ್, ಸೆನ್ಸರ್‌ಗಳಲ್ಲಿ ನಕಲಿ ಇವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರ ಅಂಗಡಿಯಲ್ಲಾಗಲಿ, ಬಿಲ್ ಇಲ್ಲದೆ ಕೊಳ್ಳಬೇಡಿ. ವಾರಂಟಿ ಇನ್ನೂ ಇದ್ದರೆ ಏನನ್ನೂ ಬಿಚ್ಚದೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಹೋಗಿ.

15. ದೀಪ ಆರಿದ್ದನ್ನೇ ನಂಬಬೇಡಿ, ಪರೀಕ್ಷೆ ಮುಗಿಯಲಿ

ಕೋಡ್ ಅಳಿಸಿದ ಮೇಲೆ ಇಸಿಯು ತನ್ನ ಸ್ವಯಂ ಪರೀಕ್ಷೆಗಳನ್ನು ಮತ್ತೆ ಮೊದಲಿಂದ ಮಾಡುತ್ತದೆ. ಆ್ಯಪ್‌ನಲ್ಲಿ ರೆಡಿನೆಸ್ ಎಂಬ ಪಟ್ಟಿ ತೆರೆದರೆ ಯಾವುದು ಮುಗಿದಿದೆ, ಯಾವುದು ಬಾಕಿ ಎಂದು ಕಾಣುತ್ತದೆ. ತಣ್ಣಗಿನ ಸ್ಟಾರ್ಟ್, ಊರೊಳಗಿನ ನಿಲ್ಲು-ಹೊರಡು, ಹೈವೇಯಲ್ಲಿ ಒಂದೇ ವೇಗದ ಓಟ ಎಲ್ಲವೂ ಆಗಬೇಕು. ಆಮೇಲೆ ಪೆಂಡಿಂಗ್ ಕೋಡ್ ನೋಡಿ, ಐಡಲ್‌ನಲ್ಲೂ 2500ರಲ್ಲೂ ಟ್ರಿಮ್ ಮತ್ತೊಮ್ಮೆ ಬರೆದುಕೊಳ್ಳಿ. ರೆಡಿನೆಸ್ ಪೂರ್ಣ, ಪೆಂಡಿಂಗ್ ಖಾಲಿ, ಟ್ರಿಮ್ ಶೇ. 10ರೊಳಗೆ, ಈ ಮೂರೂ ಬರುವವರೆಗೆ ರಿಪೇರಿ ಮುಗಿಯಿತು ಎಂದು ಒಪ್ಪಿಕೊಳ್ಳಬೇಡಿ.